ಪುಡಿಯನ್ನು ಲೋಹ ಒಪ್ಪಿಕೊಳ್ಳಬೇಕು

ಮೊದಲ ಸಲ ಹಾಕಿದಾಗ ಪುಡಿ ಒಳಗೆ ಹೋಗಲೇ ಇಲ್ಲ.

ಮೂಸೆಯಲ್ಲಿ 900 ಗ್ರಾಂ ಎ356 ಕರಗಿತ್ತು. ಇದು ಸುಮಾರು 7 ಶೇಕಡಾ ಸಿಲಿಕಾನ್, ಸ್ವಲ್ಪ ಮೆಗ್ನೀಸಿಯಂ ಇರುವ ಅಲ್ಯೂಮಿನಿಯಂ ಮಿಶ್ರಲೋಹ. ಎರಕಕ್ಕೆ ತುಂಬಾ ಬಳಕೆಯಲ್ಲಿದೆ. ಕಿಟ್ಟ ತೆಗೆದ ಮೇಲೆ ಲೋಹ ಕನ್ನಡಿ ಹಾಗೆ ಹೊಳೆಯುತ್ತಿತ್ತು. ಕಲಕುವ ಕೋಲು ತಿರುಗಿ ನಡುವೆ ಒಂದು ಸುಳಿ ಎದ್ದಿತ್ತು. ಲೋಹ ಗಟ್ಟಿಯಾಗಲಿ ಅಂತ ಆ ಸುಳಿಯ ಅಂಚಿಗೆ ಸಿಲಿಕಾನ್ ಕಾರ್ಬೈಡ್ ಪುಡಿಯನ್ನು ಚಮಚದಲ್ಲಿ ಉದುರಿಸುತ್ತಾ ಹೋದೆ. ಇದು ಸಿಲಿಕಾನ್ ಮತ್ತು ಇಂಗಾಲ ಸೇರಿದ ತುಂಬಾ ಗಡಸು ವಸ್ತು. ಒಟ್ಟು 100 ಗ್ರಾಂ, ಒಂದೊಂದು ಕಣವೂ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೇ ಒಂದು ಭಾಗ.

ಪುಡಿ ಸುಳಿಯಲ್ಲಿ ಇಳಿಯುತ್ತಿತ್ತು, ಸುತ್ತು ಹಾಕಿ ಮತ್ತೆ ಮೇಲೆ ಬರುತ್ತಿತ್ತು. ಹತ್ತು ನಿಮಿಷ ಆದ ಮೇಲೆ ಕೋಲು ನಿಲ್ಲಿಸಿದೆ. ಮೂಸೆಯ ಮೇಲೆ ಬೂದು ಬಣ್ಣದ ದಪ್ಪ ಪದರ. ಕೆಳಗಿನ ಲೋಹ ಮೊದಲಿದ್ದ ಹಾಗೇ ಇತ್ತು.

ನನಗೆ ಒಗಟಾಗಿದ್ದು ಇದು: ಸಿಲಿಕಾನ್ ಕಾರ್ಬೈಡಿನ ಸಾಂದ್ರತೆ ಘನ ಸೆಂಟಿಮೀಟರಿಗೆ 3.2 ಗ್ರಾಂ. ಕರಗಿದ ಅಲ್ಯೂಮಿನಿಯಂದು ಸುಮಾರು 2.4. ಅಂದರೆ ಪುಡಿ ಭಾರ. ಭಾರದ ವಸ್ತು ಮುಳುಗಬೇಕು ಅಲ್ವಾ? ಯಾಕೆ ತೇಲುತ್ತಿದೆ?

ಕುಲುಮೆ ನೋಡಿಕೊಳ್ಳುವ ಅಣ್ಣ ಪಕ್ಕದಲ್ಲೇ ನಿಂತಿದ್ದರು. ನಾನು ಹುಟ್ಟುವ ಮೊದಲಿನಿಂದಲೂ ಅಲ್ಯೂಮಿನಿಯಂ ಕರಗಿಸುತ್ತಿರುವವರು.

“ಪುಡಿ ಕಾಯಿಸಿದ್ಯಾ ಅಮ್ಮಾ?” ಅಂದರು.

“ಡಬ್ಬಿ ಮುಚ್ಚಿಯೇ ಇತ್ತು ಅಣ್ಣ. ಒಣಗೇ ಇದೆ.”

“ಮುಚ್ಚಿದ ಡಬ್ಬಿಯಲ್ಲಿ ಗಾಳಿ ಇರಲ್ವಾ? ಅಷ್ಟು ನುಣ್ಣನೆ ಪುಡಿ, ಅದರಲ್ಲಿ ತೇವ ಕೂತೇ ಇರುತ್ತೆ.”

ಅವರು ಹೇಳಿದ್ದು ಕಾರಣದ ಅರ್ಧ. ಇನ್ನರ್ಧ ನನಗೆ ಆಮೇಲೆ ಗೊತ್ತಾಯಿತು.

ತಾವರೆ ಎಲೆ ಮೇಲೆ ನೀರು ನಿಲ್ಲುವುದನ್ನು ನೋಡಿದ್ದೀರಲ್ಲ. ಹನಿ ಉಂಡೆಯಾಗಿಯೇ ಇರುತ್ತದೆ, ಎಲೆಗೆ ಅಂಟುವುದಿಲ್ಲ. ಕರಗಿದ ಅಲ್ಯೂಮಿನಿಯಂ ಕೂಡ ಎರಕ ಹೊಯ್ಯುವ ಬಿಸಿಯಲ್ಲಿ ಸಿಲಿಕಾನ್ ಕಾರ್ಬೈಡನ್ನು ಕಂಡರೆ ಹೀಗೇ ಮಾಡುತ್ತದೆ. ಅದು ಕಣವನ್ನು ಒದ್ದೆ ಮಾಡುವುದಿಲ್ಲ. ಇದರ ಜೊತೆಗೆ ಲೋಹದ ಮೇಲೆ ಯಾವಾಗಲೂ ಆಕ್ಸೈಡಿನ ತೆಳು ಪೊರೆ ಇರುತ್ತದೆ. ಕಣದ ಸುತ್ತ ಅಂಟಿಕೊಂಡ ಗಾಳಿ ಮತ್ತು ತೇವ ಬೇರೆ. ಇಷ್ಟು ಚಿಕ್ಕ ಕಣಕ್ಕೆ ತನ್ನ ಭಾರದಿಂದ ಇದನ್ನೆಲ್ಲ ಹರಿದು ಒಳಗೆ ಇಳಿಯುವ ಶಕ್ತಿ ಇರುವುದಿಲ್ಲ. ಭಾರಕ್ಕಿಂತ ಮೇಲ್ಮೈಯ ಹಟವೇ ಜಾಸ್ತಿ.

ಅವತ್ತು ಮೇಲಿನ ಪದರವನ್ನು ಬಲವಂತವಾಗಿ ಒಳಗೆ ಒತ್ತಿ, ಜೋರಾಗಿ ಕಲಕಿ ಅಚ್ಚಿಗೆ ಹೊಯ್ದೆ. ತಣಿದ ಮೇಲೆ ತುಂಡು ಮಾಡಿ ಪರೀಕ್ಷೆಗೆ ಕೊಟ್ಟೆ. ಗಡಸುತನ ಏರಿತ್ತು. ಖುಷಿಯಾಯಿತು. ಮಾರನೇ ದಿನ ಎಳೆದು ನೋಡುವ ಯಂತ್ರದಲ್ಲಿ ಕಂಬಿ ಇಟ್ಟೆ. ಪುಡಿ ಹಾಕದ ಬರೀ ಮಿಶ್ರಲೋಹದ ಕಂಬಿಗಿಂತ ಕಡಿಮೆ ಬಲಕ್ಕೇ ಅದು ಮುರಿಯಿತು. ಒಂಚೂರೂ ಉದ್ದವಾಗಲಿಲ್ಲ.

ಈ ಕೆಲಸ ಶುರು ಮಾಡುವ ಎಲ್ಲರಿಗೂ ಇದನ್ನೇ ಮೊದಲು ಹೇಳುತ್ತೇನೆ. ಗಡಸುತನ ಏರಿದ ಮಾತ್ರಕ್ಕೆ ಲೋಹ ಬಲವಾಗಿದೆ ಅಂತ ನಂಬಬೇಡಿ. ಗಡಸುತನದ ಪರೀಕ್ಷೆ ಲೋಹವನ್ನು ಒತ್ತುತ್ತದೆ. ಒತ್ತಿದಾಗ ಒಳಗಿನ ತೂತು ಮುಚ್ಚಿಕೊಳ್ಳುತ್ತದೆ, ಸಡಿಲ ಕಣ ಕೂಡ ತಾನಿದ್ದಲ್ಲೇ ಭಾರ ಹೊರುತ್ತದೆ. ಎಳೆದಾಗ ಮಾತ್ರ ಯಾವುದು ಯಾವುದನ್ನು ಹಿಡಿದುಕೊಂಡಿದೆ ಅಂತ ಗೊತ್ತಾಗುವುದು.

ಮುರಿದ ಮುಖವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಇಟ್ಟು ನೋಡಿದೆ. ಒಂದು ಕಡೆ ಕಣಗಳೇ ಇಲ್ಲ. ಇನ್ನೊಂದು ಕಡೆ ಐವತ್ತು ಅರವತ್ತು ಕಣ ಒಂದೇ ಗಂಟಾಗಿ ಕೂತಿವೆ. ಗಂಟಿನ ಒಳಗೆ ಲೋಹ ಹೋಗಿಯೇ ಇಲ್ಲ, ಕಣಗಳ ಅಂಚು ಈಗಷ್ಟೇ ಡಬ್ಬಿಯಿಂದ ತೆಗೆದ ಹಾಗೆ ಚೂಪಾಗಿ, ಬರಿದಾಗಿ ಇದ್ದವು. ಪಕ್ಕದಲ್ಲಿ ಕಣ ಕಿತ್ತು ಹೋದ ಗುಳಿಗಳು. ಗುಳಿಯ ಒಳಗೋಡೆ ನುಣ್ಣಗಿತ್ತು. ಅಂದರೆ ಕಣವನ್ನು ಹೊರಗೆ ಎಳೆಯುವಾಗ ಲೋಹ ತಡೆಯಲೇ ಇಲ್ಲ. ನಾನು ಲೋಹಕ್ಕೆ ಬಲ ಸೇರಿಸಿರಲಿಲ್ಲ, ಬಿರುಕು ಹುಟ್ಟುವ ಜಾಗಗಳನ್ನು ಸೇರಿಸಿದ್ದೆ.

ಆ ಎರಕದ ಸಾಂದ್ರತೆಯನ್ನೂ ಅಳೆದೆ. ಗಾಳಿಯಲ್ಲಿ ಒಮ್ಮೆ, ನೀರಿನಲ್ಲಿ ಮುಳುಗಿಸಿ ಒಮ್ಮೆ ತೂಗಿದರೆ ಸಾಕು, ಆರ್ಕಿಮಿಡೀಸನ ಹಳೇ ಲೆಕ್ಕ. ತೂಕದಲ್ಲಿ 10 ಶೇಕಡಾ ಪುಡಿ ಪೂರ್ತಿ ಸೇರಿದ್ದರೆ 2.72 ಬರಬೇಕಿತ್ತು. ಬಂದಿದ್ದು 2.59. ಸುಮಾರು 5 ಶೇಕಡಾ ಜಾಗ ಖಾಲಿ! ಈಗಲೂ ಪ್ರತಿ ಎರಕದಲ್ಲೂ ಬೇರೆ ಏನೇ ಮಾಡುವ ಮೊದಲು ಸಾಂದ್ರತೆ ನೋಡುತ್ತೇನೆ. ಇಷ್ಟು ಸುಲಭದಲ್ಲಿ ಇಷ್ಟು ನಿಜ ಹೇಳುವ ಪರೀಕ್ಷೆ ಬೇರೆ ಇಲ್ಲ.

ತೂಕದ ಲೆಕ್ಕ ಅಂದಾಗ ನೆನಪಾಯಿತು. “10 ಶೇಕಡಾ” ಅಂತ ಬರೆಯುವಾಗ ತೂಕದ್ದಾ ಗಾತ್ರದ್ದಾ ಅಂತ ದಯವಿಟ್ಟು ಹೇಳಿ. ಎ356ರಲ್ಲಿ ತೂಕದ 10 ಶೇಕಡಾ ಸಿಲಿಕಾನ್ ಕಾರ್ಬೈಡ್ ಅಂದರೆ ಗಾತ್ರದಲ್ಲಿ ಸುಮಾರು 8.5. ಅದೇ ಅಲ್ಯುಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಆದರೆ 7, ಬೋರಾನ್ ಕಾರ್ಬೈಡ್ ಆದರೆ 10.5ಕ್ಕಿಂತ ಸ್ವಲ್ಪ ಜಾಸ್ತಿ. ಬಲ ಕೊಡುವುದು ಗಾತ್ರ, ಅಂದರೆ ಪುಡಿ ಒಟ್ಟು ಎಷ್ಟು ಜಾಗ ಹಿಡಿದಿದೆ ಅನ್ನುವುದು. ಮೂರನ್ನೂ ಒಂದೇ ತೂಕ ಹಾಕಿ “ಇದು ಅದಕ್ಕಿಂತ ಒಳ್ಳೆಯದು” ಅಂದರೆ ಹೋಲಿಕೆಯೇ ತಪ್ಪು.

ಇಷ್ಟೆಲ್ಲ ಕಷ್ಟ ಇದ್ದರೂ ಪುಡಿ ಯಾಕೆ ಹಾಕಬೇಕು? ಅಲ್ಯೂಮಿನಿಯಂ ಹಗುರ, ಆದರೆ ಬೇಗ ಬಾಗುತ್ತದೆ. ಅದರ ಬಿಗಿತ ಸುಮಾರು 70 ಗಿಗಾಪ್ಯಾಸ್ಕಲ್. ಉಕ್ಕಿಗೆ 200ರ ಮೇಲೆ. ಬೇರೆ ಲೋಹಗಳನ್ನು ಬೆರೆಸಿ, ಬಿಸಿ ಮಾಡಿ, ತಣಿಸಿ ಅಲ್ಯೂಮಿನಿಯಂನ ಬಲವನ್ನು ಎಷ್ಟೋ ಪಟ್ಟು ಏರಿಸಬಹುದು. ಬಿಗಿತ ಮಾತ್ರ ಇದ್ದಲ್ಲೇ ಇರುತ್ತದೆ. ಸಿಲಿಕಾನ್ ಕಾರ್ಬೈಡಿನ ಬಿಗಿತ 400ರ ಮೇಲೆ. ಗಾತ್ರದಲ್ಲಿ 20 ಶೇಕಡಾ ಸರಿಯಾಗಿ ಸೇರಿಸಿದರೆ ಒಟ್ಟು ಬಿಗಿತ 100ರ ಆಸುಪಾಸಿಗೆ ಬರುತ್ತದೆ, ತೂಕ ಹೆಚ್ಚೇನೂ ಏರುವುದಿಲ್ಲ. ಸವೆತ ಕಡಿಮೆಯಾಗುತ್ತದೆ. ಬಿಸಿಗೆ ಹಿಗ್ಗುವುದೂ ಕಡಿಮೆಯಾಗುತ್ತದೆ. ಈ ಮೂರೂ ಒಟ್ಟಿಗೆ ಸಿಗುವ ಬೇರೆ ದಾರಿ ಕಡಿಮೆ.

ಒಂದು ಲೆಕ್ಕ ನನ್ನ ಯೋಚನೆಯನ್ನೇ ಬದಲಾಯಿಸಿತು. ಒಂದು ಘನ ಸೆಂಟಿಮೀಟರ್ ಲೋಹ ತೆಗೆದುಕೊಳ್ಳಿ, ಬೆರಳ ತುದಿಯಷ್ಟು. ಅದರಲ್ಲಿ ಗಾತ್ರದ 10 ಶೇಕಡಾ ಕಣಗಳಿವೆ, ಎಲ್ಲ 20 ಮೈಕ್ರಾನಿನ ಗೋಲಿ ಅಂದುಕೊಳ್ಳಿ. ಎಷ್ಟು ಕಣ? ಸುಮಾರು 2.4 ಕೋಟಿ. ಅಷ್ಟೂ ಕಣಗಳ ಮೈಯನ್ನು ಬಿಡಿಸಿ ಹಾಸಿದರೆ 300 ಚದರ ಸೆಂಟಿಮೀಟರ್. ಎ4 ಕಾಗದದ ಹೆಚ್ಚುಕಡಿಮೆ ಅರ್ಧ! ಬೆರಳ ತುದಿಯಷ್ಟು ಲೋಹದ ಒಳಗೆ ಅರ್ಧ ಹಾಳೆಯಷ್ಟು ಬೆಸುಗೆ ಮಡಚಿಕೊಂಡು ಕೂತಿದೆ. ಆ ಬೆಸುಗೆ ಗಟ್ಟಿಯಿದ್ದರೆ ಲೋಹದ ಮೇಲೆ ಬಿದ್ದ ಭಾರ ಕಣಕ್ಕೆ ದಾಟುತ್ತದೆ. ಇಲ್ಲದಿದ್ದರೆ ಅದು ಅರ್ಧ ಹಾಳೆಯಷ್ಟು ಬಿರುಕು. ಎಷ್ಟು ಪುಡಿ ಹಾಕಬೇಕು ಅನ್ನುವ ಪ್ರಶ್ನೆ ಬಿಟ್ಟು, ಹಾಕಿದ ಪುಡಿಯನ್ನು ಲೋಹ ಹೇಗೆ ಒಪ್ಪಿಕೊಳ್ಳುತ್ತದೆ ಅನ್ನುವುದನ್ನು ಹಿಡಿದುಕೊಂಡೆ.

ಎರಡನೇ ಸಲ ಆತುರಪಟ್ಟೆ. ಬಿಸಿ ಜಾಸ್ತಿಯಾದರೆ ಲೋಹ ಕಣವನ್ನು ಚೆನ್ನಾಗಿ ಒದ್ದೆ ಮಾಡುತ್ತದೆ ಅಂತ ಓದಿದ್ದೆ. ಅದು ನಿಜವೇ. ಹಾಗಾಗಿ 850 ಡಿಗ್ರಿಗೆ ಏರಿಸಿ ಬಹಳ ಹೊತ್ತು ಇಟ್ಟೆ. ಪುಡಿ ಒಳಗೆ ಹೋಯಿತು, ಮೇಲೆ ಪದರ ನಿಲ್ಲಲಿಲ್ಲ. ತುಂಡನ್ನು ನೀರು ಹಾಕಿ ಎಮರಿ ಪೇಪರಿನಲ್ಲಿ ಉಜ್ಜಿ, ಹೊಳಪು ಕೊಟ್ಟು, ಫೋಟೋ ತೆಗೆದು ಕಪಾಟಿನಲ್ಲಿಟ್ಟೆ. ಕೆಲವು ವಾರ ಬಿಟ್ಟು ತೆಗೆದರೆ ಹೊಳೆಯುವ ಮುಖದ ತುಂಬ ಬಿಳಿ ಚುಕ್ಕೆ. ಉಗುರು ತಾಗಿಸಿದರೆ ಪುಡಿಪುಡಿ. ಕಣಗಳ ಸುತ್ತ ಗುಳಿ ಬಿದ್ದಿತ್ತು.

ಆಗಿದ್ದು ಏನೆಂದರೆ, ಅಷ್ಟು ಬಿಸಿಯಲ್ಲಿ ಅಲ್ಯೂಮಿನಿಯಂ ಸಿಲಿಕಾನ್ ಕಾರ್ಬೈಡನ್ನೇ ತಿನ್ನಲು ಶುರು ಮಾಡುತ್ತದೆ. ಅದರ ಇಂಗಾಲವನ್ನು ಎಳೆದುಕೊಂಡು ಅಲ್ಯೂಮಿನಿಯಂ ಕಾರ್ಬೈಡ್ ಆಗುತ್ತದೆ, ಸಿಲಿಕಾನ್ ಲೋಹಕ್ಕೆ ಸೇರುತ್ತದೆ. ಈ ಅಲ್ಯೂಮಿನಿಯಂ ಕಾರ್ಬೈಡ್ ತುಂಬಾ ಪೆಡಸು. ಸಾಲದ್ದಕ್ಕೆ ನೀರು ತಾಗಿದರೆ ಒಡೆದು ಹೈಡ್ರಾಕ್ಸೈಡ್ ಮತ್ತು ಮೀಥೇನ್ ಆಗುತ್ತದೆ. ಗಾಳಿಯ ತೇವವೇ ಸಾಕು. ನಾನು ಬೆಸುಗೆ ಹುಡುಕುತ್ತಾ ಹೋಗಿ ಕಣದ ಸುತ್ತ ತಾನಾಗಿ ಕರಗುವ ಪದರ ಕಟ್ಟಿದ್ದೆ. ಅವತ್ತಿನಿಂದ ಈ ಅನುಮಾನ ಇರುವ ತುಂಡನ್ನು ನೀರಿನಲ್ಲಿ ಉಜ್ಜುವುದಿಲ್ಲ.

ಲೋಹದಲ್ಲಿ ಸಿಲಿಕಾನ್ ಸಾಕಷ್ಟು ಇದ್ದರೆ ಈ ಕ್ರಿಯೆ ನಿಲ್ಲುತ್ತದೆ. ಹಾಗಾಗಿಯೇ ಸಿಲಿಕಾನ್ ಕಾರ್ಬೈಡ್ ಹಾಕಿ ಎರಕ ಹೊಯ್ಯುವವರು ಸಿಲಿಕಾನ್ ಜಾಸ್ತಿ ಇರುವ ಮಿಶ್ರಲೋಹವನ್ನೇ ಹಿಡಿಯುವುದು. ಆದರೆ ಬಿಸಿ ಏರಿದಷ್ಟೂ ಬೇಕಾದ ಸಿಲಿಕಾನ್ ಏರುತ್ತದೆ. ನನ್ನ 7 ಶೇಕಡಾ 850 ಡಿಗ್ರಿಗೆ ಸಾಲಲಿಲ್ಲ. 6061ನಂಥ ಕಡಿಮೆ ಸಿಲಿಕಾನಿನ ಲೋಹಕ್ಕೆ ಅಲ್ಯುಮಿನಾ ಕಣ ವಾಸಿ, ಅದರಲ್ಲಿ ಇಂಗಾಲವೇ ಇಲ್ಲ. ಅಲ್ಲೂ ಒಂದು ಎಚ್ಚರ ಬೇಕು. ಅಲ್ಯುಮಿನಾ ಲೋಹದ ಮೆಗ್ನೀಸಿಯಂ ಎಳೆದುಕೊಂಡು ಸ್ಪಿನೆಲ್ ಎಂಬ ಬೇರೆ ಆಕ್ಸೈಡ್ ಆಗುತ್ತದೆ. ಆಮೇಲೆ ಬಿಸಿ ಉಪಚಾರದಲ್ಲಿ (ಕಾಯಿಸಿ, ತಣಿಸಿ, ಮತ್ತೆ ಹದವಾದ ಬಿಸಿಯಲ್ಲಿ ಕೆಲವು ಗಂಟೆ ಇಡುವುದು) ಗಟ್ಟಿಯಾಗಲು ಲೋಹಕ್ಕೆ ಮೆಗ್ನೀಸಿಯಂ ಉಳಿಯುವುದಿಲ್ಲ.

ಮೂರನೇ ಸಲ ಅಣ್ಣನ ಮಾತು ಕೇಳಿದೆ. ಪುಡಿಯನ್ನು ಬೇರೆ ಕುಲುಮೆಯಲ್ಲಿ 1000 ಡಿಗ್ರಿಗೂ ಮೇಲೆ ಎರಡು ಗಂಟೆ ಕಾಯಿಸಿದೆ. ತೇವ ಹೋಗುವುದರ ಜೊತೆಗೆ ಕಣದ ಮೈಮೇಲೆ ಸಿಲಿಕಾದ (ಸಿಲಿಕಾನ್ ಆಕ್ಸೈಡ್) ತೆಳು ಪೊರೆ ಬೆಳೆಯುತ್ತದೆ. ಲೋಹ ಕಣವನ್ನು ನೇರವಾಗಿ ತಿನ್ನದಂತೆ ಆ ಪೊರೆ ತಡೆಯುತ್ತದೆ. ಲೋಹಕ್ಕೆ 1 ಶೇಕಡಾ ಮೆಗ್ನೀಸಿಯಂ ಹೆಚ್ಚಿಗೆ ಸೇರಿಸಿದೆ. ಮೆಗ್ನೀಸಿಯಂ ಕರಗಿದ ಲೋಹದ ಮೇಲ್ಮೈ ಸೆಳೆತವನ್ನು ತಗ್ಗಿಸುತ್ತದೆ, ಆಕ್ಸೈಡಿನ ಪೊರೆಯನ್ನೂ ಒಡೆಯುತ್ತದೆ. ಜಾಸ್ತಿ ಹಾಕಿದರೆ ಲೋಹ ಗಸಿ ಹಾಗೆ ಮಂದವಾಗಿ ಅಚ್ಚು ತುಂಬುವುದೇ ಕಷ್ಟ.

ಕಲಕುವ ರೀತಿಯನ್ನೂ ಬದಲಿಸಿದೆ. ಮೊದಲು ಲೋಹವನ್ನು 600 ಡಿಗ್ರಿಯ ಹತ್ತಿರಕ್ಕೆ ಇಳಿಸಿದೆ. ಎ356 ಸುಮಾರು 615ಕ್ಕೆ ಗಟ್ಟಿಯಾಗಲು ಶುರುವಾಗಿ 555ರ ಹತ್ತಿರ ಪೂರ್ತಿ ಗಟ್ಟಿಯಾಗುತ್ತದೆ. ನಡುವೆ ಅರ್ಧ ಹರಳು, ಅರ್ಧ ದ್ರವ. ಆ ಮಂದ ಸ್ಥಿತಿಯಲ್ಲಿ ಬಿಸಿ ಪುಡಿಯನ್ನು ಸ್ವಲ್ಪ ಸ್ವಲ್ಪವೇ ಹಾಕಿ ನಿಧಾನಕ್ಕೆ ಕಲಕಿದೆ. ಲೋಹದ ಹರಳುಗಳೇ ಕಣಗಳನ್ನು ಉಜ್ಜುತ್ತವೆ, ಸುತ್ತಲಿನ ಗಾಳಿಯ ಪದರ ಹರಿಯುತ್ತದೆ, ಗಂಟು ಒಡೆಯುತ್ತದೆ. ಕಣ ಮೇಲಕ್ಕೆ ಓಡಿ ಬರಲು ದಾರಿಯೂ ಇರುವುದಿಲ್ಲ. ಆಮೇಲೆ 720ಕ್ಕೆ ಏರಿಸಿ ಇನ್ನೊಂದು ಸಲ ಕಲಕಿದೆ, ಈ ಸಲ ಜೋರಾಗಿ. ಕೋಲಿನ ರೆಕ್ಕೆ ಮೂಸೆಯ ತಳದಿಂದ ಮೂರರಲ್ಲಿ ಒಂದು ಭಾಗದ ಎತ್ತರದಲ್ಲಿತ್ತು. ಉಕ್ಕಿನ ಕೋಲಿಗೆ ಲೇಪ ಬಳಿಯುವುದನ್ನು ಮರೆಯಬಾರದು. ಬರೀ ಉಕ್ಕಾದರೆ ಕಬ್ಬಿಣ ಅಲ್ಯೂಮಿನಿಯಂಗೆ ಕರಗಿ ಸೂಜಿಯಂಥ ಪೆಡಸು ಹರಳಾಗಿ ಕೂರುತ್ತದೆ.

ಸುಳಿ ದೊಡ್ಡದಾದರೆ ಒಳ್ಳೆಯದು ಅಂತ ಅನಿಸುತ್ತದೆ. ಅಲ್ಲ. ಸುಳಿ ಪುಡಿಯ ಜೊತೆಗೆ ಗಾಳಿಯನ್ನೂ ಎಳೆಯುತ್ತದೆ. ಕರಗಿದ ಅಲ್ಯೂಮಿನಿಯಂ ಹೈಡ್ರೋಜನ್ ಹೀರಿಕೊಳ್ಳುತ್ತದೆ, ಗಟ್ಟಿಯಾಗುವಾಗ ಅದರಲ್ಲಿ ಬಹುಪಾಲನ್ನು ಹೊರಗೆ ಬಿಡುತ್ತದೆ. ಬಿಟ್ಟಿದ್ದು ತೂತಾಗಿ ಉಳಿಯುತ್ತದೆ. ಬರೀ ಲೋಹವಾದರೆ ಆರ್ಗಾನ್ ಅನಿಲದ ಗುಳ್ಳೆ ಹಾಯಿಸಿ ಈ ಗ್ಯಾಸ್ ತೆಗೆಯಬಹುದು. ಪುಡಿ ಸೇರಿದ ಮೇಲೆ ಹಾಗೆ ಮಾಡಿದರೆ ಗುಳ್ಳೆಗಳು ಕಣಗಳನ್ನೂ ಹೊತ್ತು ಮೇಲೆ ತರುತ್ತವೆ. ಗ್ಯಾಸ್ ತೆಗೆಯುವ ಕೆಲಸ ಪುಡಿ ಹಾಕುವ ಮೊದಲೇ ಮುಗಿದಿರಬೇಕು.

ಇಷ್ಟೆಲ್ಲ ಆಗಿ ಕಣ ಒಳಗೆ ಸೇರಿತು ಅಂದುಕೊಳ್ಳಿ. ಈಗ ಅದರ ಭಾರ ಕೆಲಸ ಶುರು ಮಾಡುತ್ತದೆ. ಮೊದಲು ತೇಲುತ್ತಿದ್ದ ಪುಡಿ, ಒದ್ದೆಯಾದ ತಕ್ಷಣ ಮುಳುಗಲು ಹೊರಡುತ್ತದೆ. ದ್ರವದಲ್ಲಿ ಕಣ ಇಳಿಯುವ ವೇಗ ಹೇಳುವ ಸ್ಟೋಕ್ಸ್ ಸೂತ್ರದಲ್ಲಿ ಲೆಕ್ಕ ಹಾಕಿದರೆ ಒಂಟಿಯಾಗಿರುವ 20 ಮೈಕ್ರಾನಿನ ಕಣ 10 ಸೆಂಟಿಮೀಟರ್ ಇಳಿಯಲು ಹನ್ನೊಂದು ಹನ್ನೆರಡು ನಿಮಿಷ ಬೇಕು. ಕಣ ಎರಡು ಪಟ್ಟಾದರೆ ವೇಗ ನಾಲ್ಕು ಪಟ್ಟು, ಮೂರೇ ನಿಮಿಷದಲ್ಲಿ ತಳ ಸೇರುತ್ತದೆ. ಕಣಗಳು ಜಾಸ್ತಿ ಇದ್ದರೆ ಒಂದನ್ನೊಂದು ತಡೆದು ಇನ್ನಷ್ಟು ನಿಧಾನವಾಗುತ್ತದೆ, ಗಂಟಾದರೆ ಬೇಗ ಇಳಿಯುತ್ತದೆ. ಕಲಕುವುದು ನಿಲ್ಲಿಸಿ ಅಚ್ಚು ಹುಡುಕಲು ಹೋಗುವಷ್ಟು ಪುರುಸೊತ್ತು ಇರುವುದಿಲ್ಲ. ಅಚ್ಚು ಮೊದಲೇ ಬಿಸಿಯಾಗಿ ಕಾದಿರಬೇಕು.

ಗಟ್ಟಿಯಾಗುವಾಗಲೂ ಕಣ ಸುಮ್ನೆ ಕೂರುವುದಿಲ್ಲ. ಬೆಳೆಯುವ ಲೋಹದ ಹರಳು ಕಣವನ್ನು ತನ್ನೊಳಗೆ ಸೇರಿಸಿಕೊಳ್ಳದೆ ಮುಂದೆ ತಳ್ಳುತ್ತದೆ. ಕೊನೆಗೆ ಎಲ್ಲ ಕಣಗಳೂ ಕೊನೆಯಲ್ಲಿ ಗಟ್ಟಿಯಾಗುವ ಸಂದಿಗಳಲ್ಲಿ ಸೇರುತ್ತವೆ. ಬೇಗ ತಣಿಸಿದರೆ ಹರಳು ಚಿಕ್ಕದು, ಸಂದಿಗಳು ಹತ್ತಿರ ಹತ್ತಿರ, ಹರಡುವಿಕೆ ಚೆನ್ನಾಗಿರುತ್ತದೆ.

ನನಗೆ ಇಡೀ ವಿಷಯದಲ್ಲಿ ತುಂಬಾ ಇಷ್ಟವಾಗುವುದು ಇದರ ನಂತರದ ಭಾಗ. ಅಲ್ಯೂಮಿನಿಯಂ ಬಿಸಿಗೆ ಜಾಸ್ತಿ ಹಿಗ್ಗುತ್ತದೆ, ಸಿಲಿಕಾನ್ ಕಾರ್ಬೈಡ್ ಅದರ ಐದನೇ ಒಂದು ಭಾಗದಷ್ಟು ಮಾತ್ರ. 530 ಡಿಗ್ರಿಯಿಂದ ನೀರಿಗೆ ಅದ್ದಿ ತಣಿಸಿದಾಗ ಇಬ್ಬರ ಕುಗ್ಗುವಿಕೆಯ ನಡುವೆ ಸುಮಾರು 1 ಶೇಕಡಾ ವ್ಯತ್ಯಾಸ ಬರುತ್ತದೆ. ಕೇಳಲು ಚಿಕ್ಕದು. ಆದರೆ ಅಲ್ಯೂಮಿನಿಯಂ ಅದರ ಅರ್ಧದಷ್ಟನ್ನೂ ತಡೆಯಲಾರದೆ ಕಾಯಂ ಆಗಿ ಬದಲಾಗಿಬಿಡುತ್ತದೆ. ಕಣದ ಸುತ್ತ ಲೋಹದ ಪರಮಾಣುಗಳ ಜಾಲರಿಯಲ್ಲಿ ದಟ್ಟವಾಗಿ ಪಲ್ಲಟಗಳು, ಅಂದರೆ ಸಾಲು ತಪ್ಪಿದ ಗೆರೆಗಳು, ಹುಟ್ಟುತ್ತವೆ. ಇವು ಸರಿದಾಡಿದರೇ ಲೋಹ ಕಾಯಂ ಆಗಿ ಬಾಗುವುದು. ಇಲ್ಲಿ ಅವು ಒಂದಕ್ಕೊಂದು ಸಿಕ್ಕಿಹಾಕಿಕೊಂಡು ಲೋಹವನ್ನು ಗಟ್ಟಿ ಮಾಡುತ್ತವೆ. ಕಣ ಭಾರ ಹೊರುವುದು ಒಂದು ಸಹಾಯ. ತನ್ನ ಸುತ್ತಲಿನ ಲೋಹವನ್ನೇ ಬದಲಿಸುವುದು ಇನ್ನೊಂದು. ಇದರಿಂದಲೇ ಬಿಸಿ ಉಪಚಾರದ ಹೊತ್ತೂ ಬದಲಾಗುತ್ತದೆ. ಪಲ್ಲಟಗಳ ಮೇಲೆ ಗಟ್ಟಿ ಮಾಡುವ ಹರಳುಗಳು ಬೇಗ ಹುಟ್ಟುತ್ತವೆ, ಹಾಗಾಗಿ ಪುಡಿ ಸೇರಿದ ಲೋಹ ತನ್ನ ಪೂರ್ತಿ ಬಲಕ್ಕೆ ಬರೀ ಲೋಹಕ್ಕಿಂತ ಬೇಗ ತಲುಪುತ್ತದೆ. ಪುಸ್ತಕದ ಗಂಟೆಗಳನ್ನೇ ಹಿಡಿದರೆ ತುತ್ತತುದಿ ದಾಟಿ ಆಚೆ ಇಳಿದುಬಿಡುತ್ತೀರಿ. ಒಂದೊಂದು ಗಂಟೆಗೆ ಒಂದು ತುಂಡು ತೆಗೆದು ಗಡಸುತನ ನೋಡಿ. ಇಲ್ಲಿ ಆ ಪರೀಕ್ಷೆ ನಿಜವಾಗಿ ಉಪಯೋಗಕ್ಕೆ ಬರುತ್ತದೆ.

ನ್ಯಾನೋ ಕಣದ ಬಗ್ಗೆ ತುಂಬಾ ಜನ ಕೇಳುತ್ತಾರೆ. ಅಷ್ಟು ಸಣ್ಣ ಕಣಗಳು ಹತ್ತಿರ ಹತ್ತಿರ ಇದ್ದರೆ ಪಲ್ಲಟಗಳ ದಾರಿಗೇ ಅಡ್ಡ ನಿಲ್ಲುತ್ತವೆ, ಒಂದೆರಡು ಶೇಕಡಾ ಹಾಕಿದರೂ ಬಲ ಏರುತ್ತದೆ. 20 ಮೈಕ್ರಾನಿನ ಕಣಗಳಿಂದ ಈ ಲಾಭ ಇಲ್ಲವೆಂದೇ ಹೇಳಬೇಕು. ಆದರೆ ಕಣ ಸಣ್ಣದಾದಷ್ಟೂ ಮೈ ಜಾಸ್ತಿ, ಗಂಟೂ ಜಾಸ್ತಿ. ಮೈಕ್ರಾನ್ ಪುಡಿಯನ್ನೇ ಸರಿಯಾಗಿ ಹರಡಲು ಬಾರದ ಕೋಲಿನಿಂದ ನ್ಯಾನೋ ಪುಡಿ ಹರಡುವುದಿಲ್ಲ. ಗಂಟಾದ ನ್ಯಾನೋ ಪುಡಿ ಒಂದು ದೊಡ್ಡ, ಸಡಿಲ ಕಣಕ್ಕೆ ಸಮ.

ಕಳೆದುಕೊಳ್ಳುವುದನ್ನೂ ಹೇಳಬೇಕು. ಪುಡಿ ಏರಿದಷ್ಟೂ ಎಳೆದಾಗ ಲೋಹ ಉದ್ದವಾಗದೆ ಮುರಿಯುತ್ತದೆ. ಗಾತ್ರದಲ್ಲಿ 20 ಶೇಕಡಾ ಆದರೆ ಎರಕದ ಕಂಬಿ 1 ಶೇಕಡಾ ಉದ್ದವಾಗುವ ಮೊದಲೇ ತುಂಡಾಗುವುದು ಸಾಮಾನ್ಯ. ಏಟು ಬೀಳುವ ಜಾಗಕ್ಕೆ ಇದು ಬೇಡ. ಲೇತಿನಲ್ಲಿ ಕೊರೆಯುವುದೂ ಸುಲಭವಲ್ಲ. ಟಂಗ್‌ಸ್ಟನ್ ಕಾರ್ಬೈಡ್ ಟೂಲಿನ ಅಂಚು ನಾನು ನೋಡನೋಡುತ್ತಿದ್ದ ಹಾಗೇ ಮೊಂಡಾಯಿತು. ಸಿಲಿಕಾನ್ ಕಾರ್ಬೈಡ್ ಸಾಣೆಕಲ್ಲಿಗೆ ಬಳಸುವ ವಸ್ತು, ಟಂಗ್‌ಸ್ಟನ್ ಕಾರ್ಬೈಡಿಗಿಂತ ಗಡಸು. ಕೊನೆಗೆ ವಜ್ರದ ತುದಿಯ ಟೂಲ್ ಹಾಕಬೇಕಾಯಿತು.

ಆದರೂ ಇದು ಬರೀ ಲ್ಯಾಬಿನ ಆಸೆಯಲ್ಲ. 1968ರಲ್ಲಿ ಕಾನ್ಪುರದ ಐಐಟಿಯಲ್ಲಿ ಎಸ್. ರೇ ಕರಗಿದ ಅಲ್ಯೂಮಿನಿಯಂಗೆ ಅಲ್ಯುಮಿನಾ ಕಣಗಳನ್ನು ಕಲಕಿ ಸೇರಿಸಿದರು. ಆಮೇಲೆ ಎಂ. ಕೆ. ಸುರಪ್ಪ, ಪಿ. ಕೆ. ರೋಹಟ್ಗಿ ಇದನ್ನು ಮುಂದಕ್ಕೆ ಒಯ್ದರು. ನಾನು ಹಿಡಿದ ಕೋಲಿನ ಹಿಂದೆ ಅವರ ಕೈಗಳಿವೆ. 1996ರಲ್ಲಿ ಬಂದ ಲೋಟಸ್ ಎಲೀಸ್ ಕಾರಿನ ಮೊದಲ ಮಾದರಿಗಳಲ್ಲಿ ಬ್ರೇಕ್ ಡಿಸ್ಕ್ ಇಂಥದ್ದೇ. ಬೋರಾನ್ ಕಾರ್ಬೈಡ್ ಸೇರಿದ ಅಲ್ಯೂಮಿನಿಯಂ ಹಲಗೆಗಳು ಬಳಸಿದ ಅಣು ಇಂಧನ ಇಡುವ ಕೊಳಗಳಲ್ಲಿ ನ್ಯೂಟ್ರಾನ್ ಹೀರುತ್ತವೆ. ದೊಡ್ಡ ವಿದ್ಯುತ್ ಸಾಧನಗಳ ಚಿಪ್‌ಗಳ ಕೆಳಗಿನ ತಟ್ಟೆಯಲ್ಲಿ ಗಾತ್ರದ 60 ಶೇಕಡಾಕ್ಕಿಂತ ಜಾಸ್ತಿ ಸಿಲಿಕಾನ್ ಕಾರ್ಬೈಡ್ ಇರುತ್ತದೆ. ಅಷ್ಟನ್ನು ಕಲಕಿ ಸೇರಿಸಲು ಆಗುವುದಿಲ್ಲ. ಕಣಗಳನ್ನು ಮೊದಲೇ ಗಟ್ಟಿಯಾಗಿ ಜೋಡಿಸಿ, ಸಂದಿಗಳಿಗೆ ಲೋಹವನ್ನು ತುಂಬುತ್ತಾರೆ.

ಮೂರನೇ ಎರಕದ ಸಾಂದ್ರತೆ ಲೆಕ್ಕದ ಹತ್ತಿರ ಬಂತು. ಕಂಬಿ ಬರೀ ಮಿಶ್ರಲೋಹದ ಕಂಬಿಯನ್ನು ದಾಟಿ ಭಾರ ಹೊತ್ತು ಮುರಿಯಿತು. ಸಂಜೆ ಎರಡೂ ತುಂಡುಗಳ ಮುಖವನ್ನು ಸೂಕ್ಷ್ಮದರ್ಶಕದ ಕೆಳಗೆ ಪಕ್ಕಪಕ್ಕ ಇಟ್ಟೆ. ಖಾಲಿ ಗುಳಿಗಳಿಗಾಗಿ ಹುಡುಕಿದೆ, ಒಂದೆರಡು ಇದ್ದವು. ನಡುವೆ ಒಂದು ಕಣದ ಮೇಲೆ ಕಣ್ಣು ನಿಂತಿತು. ಅದು ಸರಿಯಾಗಿ ಮಧ್ಯದಲ್ಲಿ ಸೀಳಿತ್ತು. ಅರ್ಧ ಈ ತುಂಡಿನಲ್ಲಿ, ಇನ್ನರ್ಧ ಆ ತುಂಡಿನಲ್ಲಿ. ಎರಡೂ ಅರ್ಧಗಳ ಸುತ್ತ ಲೋಹ ಅಂಚಿನ ತನಕ ಅಂಟಿಕೊಂಡಿತ್ತು. ಅಣ್ಣನನ್ನು ಕರೆದು ತೋರಿಸಿದೆ. ಅವರು ಪರದೆಗೆ ಮುಖ ಹತ್ತಿರ ತಂದು ಬಹಳ ಹೊತ್ತು ನೋಡಿದರು.

“ಕಲ್ಲು ಒಡೀತು, ಕೈ ಬಿಡಲಿಲ್ಲ” ಅಂದರು.